ಕಂಚ, ಕಾವಲು, ಗೈರಾಣ

2025ರ ಯುಗಾದಿ ಬಂದದ್ದು ಮಾರ್ಚ್ 30ರ ಭಾನುವಾರ. ಸೇಡಂ ಕಡೆಯವರಾದ ನಾವು ಯುಗಾದಿಗೆ ಬೇವು ಕುಡಿಯುವವರು. ಪಕ್ಕದ ಫ್ಲಾಟಿನವರು ತಮ್ಮ ಪಚ್ಚಡಿ ಕೊಟ್ಟು ನಮ್ಮ ಬೇವು ಒಯ್ದಿದ್ದರು. ಊಟ ಮುಗಿಸಿ ಒರಗಿದ ಹೊತ್ತಿಗೆ ಫೋನಿನಲ್ಲಿ ಸುದ್ದಿ ಬರತೊಡಗಿತು. ನಲ್ಲಗಂಡ್ಲದ ನಮ್ಮ ಮನೆಗೆ ಸಮೀಪದ ಕಂಚ ಗಚ್ಚಿಬೌಲಿಯಲ್ಲಿ, ಹೈದರಾಬಾದ್ ವಿಶ್ವವಿದ್ಯಾಲಯದ ಮಗ್ಗುಲಿನ 400 ಎಕರೆಗೆ ಜೆಸಿಬಿಗಳು ಇಳಿದಿದ್ದವು. ಅಡ್ಡ ನಿಂತ ವಿದ್ಯಾರ್ಥಿಗಳನ್ನು ಪೊಲೀಸರು ಎತ್ತಿ ವ್ಯಾನಿಗೆ ತುಂಬುತ್ತಿದ್ದರು. ಮುಂದಿನ ಮೂರು ನಾಲ್ಕು ದಿನ ಹಗಲು ರಾತ್ರಿ ಕೆಲಸ ನಡೆಯಿತು. ಆ ರಾತ್ರಿಗಳ ಒಂದು ವಿಡಿಯೊವನ್ನು ನೀವೂ ನೋಡಿರುತ್ತೀರಿ: ಕತ್ತಲಲ್ಲಿ ಯಂತ್ರಗಳ ದೀಪ, ಎಂಜಿನ್ನಿನ ಗುರುಗುರು, ಅದರ ಮೇಲೆ ನವಿಲುಗಳ ಕೂಗು.

ಊರಿಗೆ ಫೋನ್ ಮಾಡಿದಾಗ ಅಪ್ಪನಿಗೆ ಹೇಳಿದೆ, ಇಲ್ಲಿ ಅಡವಿ ಕಡೀಲಿಕ್ಕತ್ತಾರ ಅಂತ. ಅಪ್ಪ ನಕ್ಕರು. "ಅಲ್ಲೆಲ್ಲಿ ಅಡವೀನೋ ತಮ್ಮಾ? ನಿಮ್ಮನಿಗೆ ಬಂದಾಗ ನೋಡೀನಲ್ಲ. ಕಲ್ಲು, ಜಾಲಿ. ಗೈರಾಣ ಇದ್ದಂಗ ಅದ."

ಆ ಮಾತು ನನ್ನನ್ನು ಬಿಡಲಿಲ್ಲ. ಏಕೆಂದರೆ ಅದೇ ವಾರ ಸರ್ಕಾರ ಹೇಳುತ್ತಿದ್ದದ್ದೂ ಹೆಚ್ಚುಕಡಿಮೆ ಅದನ್ನೇ: ದಾಖಲೆಯಲ್ಲಿ ಇದು ಅರಣ್ಯವಲ್ಲ. ಎರಡು ದಶಕ ಸುಮ್ಮನೆ ಬಿಟ್ಟದ್ದರಿಂದ ಗಿಡಗಂಟಿ ಬೆಳೆದಿದೆ, ಅಷ್ಟೆ. ಜಾಲಿ ಮುಳ್ಳು ತುಳಿದೇ ಬೆಳೆದ ನನ್ನ ಅಪ್ಪನಿಗೂ, ಭೂಮಿ ಹರಾಜು ಹಾಕಲು ಹೊರಟ ಸರ್ಕಾರಕ್ಕೂ ಒಂದೇ ಕಣ್ಣು ಬಂದದ್ದು ಹೇಗೆ? ಈ ಬರಹ ಆ ಕಣ್ಣಿನ ಕುರಿತದ್ದು. ನಾನು ಪರಿಸರ ತಜ್ಞನಲ್ಲ, ಪುಸ್ತಕ ಓದುವವನು. ಹಾಗಾಗಿ ಪದಗಳಿಂದಲೇ ಶುರು ಮಾಡುತ್ತೇನೆ.

ಕಂದಾಯ ದಾಖಲೆಯಲ್ಲಿ ಆ ನೆಲಕ್ಕೆ 'ಕಂಚ ಅಸ್ತಬಲ್ ಪೋರಂಬೋಕು ಸರ್ಕಾರಿ' ಎಂದು ಹೆಸರು. ಸರ್ಕಾರ ಇದನ್ನೇ ತನ್ನ ಹಕ್ಕಿನ ಪುರಾವೆಯಾಗಿ ಮುಂದಿಟ್ಟಿತು. ನನಗೋ ಇದು ನಾಲ್ಕು ಪದಗಳ ಪದ್ಯದಂತೆ ಕಂಡಿತು. ಕಂಚ ತೆಲುಗಿನದು: ಬೇಲಿ, ಬೇಲಿ ಹಾಕಿ ದನಕ್ಕೆ ಬಿಟ್ಟ ಹುಲ್ಲಿನ ನೆಲ. ಅಸ್ತಬಲ್ ಅರಬ್ಬಿಯಿಂದ ಉರ್ದುವಿಗೆ ಬಂದದ್ದು: ಕುದುರೆ ಲಾಯ. ಪೋರಂಬೋಕು ತಮಿಳಿನ ಪುರಂಪೋಕ್ಕು: ಲೆಕ್ಕದ ಹೊರಗೆ ಹೋದದ್ದು, ಕಂದಾಯ ಕಟ್ಟದ್ದು. ಸರ್ಕಾರಿ ಪಾರಸಿ. ಕುದುರೆ ಮೇಯಲು ಕಾದಿಟ್ಟ, ಯಾರೂ ಉಳದ, ತೆರಿಗೆಯಿಲ್ಲದ, ದೊರೆಯ ನೆಲ. ನಾಲ್ಕು ಭಾಷೆ ಸೇರಿ ಹೇಳಿದ್ದು ಇಷ್ಟೇ: ಇಲ್ಲಿ ಹುಲ್ಲಿದೆ, ಅದನ್ನು ಕಾಯಬೇಕು. ನೂರು ವರ್ಷದ ಮೇಲೆ ಅದೇ ಪದಗಳನ್ನು ಓದಿದ ಕಚೇರಿಗೆ ಮಾತ್ರ ಮೊದಲ ಮೂರು ಪದ ಕಾಣಿಸಲಿಲ್ಲ, ಕೊನೆಯದೊಂದೇ ಕಾಣಿಸಿತು.

ಕನ್ನಡದವರಿಗೆ ಇದು ಹೊಸ ಕತೆಯಲ್ಲ. ಮೈಸೂರು ದೊರೆಗಳು ಅಮೃತಮಹಲ್ ರಾಸುಗಳಿಗಾಗಿ ಕಾದಿಟ್ಟ ಕಾವಲುಗಳು ನಮ್ಮ ಕಂಚಗಳು. ಕಂಚ ಎಂದರೆ ಬೇಲಿ, ಕಾವಲು ಎಂದರೆ ಕಾಯುವಿಕೆ. ಒಂದು ಕಡೆ ಕುದುರೆ, ಇನ್ನೊಂದು ಕಡೆ ಎತ್ತು. ಚಳ್ಳಕೆರೆ ತಾಲ್ಲೂಕಿನಲ್ಲಿ ಅಂಥ ಕಾವಲುಗಳ ಸುಮಾರು ಹತ್ತು ಸಾವಿರ ಎಕರೆಯನ್ನು ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಸಂಸ್ಥೆಗಳಿಗೆ ಹಂಚಿದಾಗ ಸುತ್ತಲಿನ ಹಳ್ಳಿಗಳ ಕುರಿಗಾಹಿಗಳು, ದನಗಾಹಿಗಳು ಎದ್ದು ನಿಂತರು, ಹಸಿರು ನ್ಯಾಯಮಂಡಳಿಯವರೆಗೆ ಹೋದರು. ಆ ಹೋರಾಟದ ಬಗ್ಗೆ ವರದಿಗಳಿವೆ. ಆದರೆ ಕನ್ನಡದ ಕತೆ ಕಾದಂಬರಿಗಳಲ್ಲಿ ಕಾವಲು ಎಲ್ಲಿ ಎಂದು ಹುಡುಕಿದರೆ ನನಗಂತೂ ಕೈಗೆ ಸಿಗುವುದು ಬಹಳ ಕಡಿಮೆ. ತಮಿಳರು ಬೈಗುಳವಾಗಿದ್ದ ಪೋರಂಬೋಕು ಪದವನ್ನೇ 2017ರಲ್ಲಿ ಎನ್ನೋರಿನ ತೊರೆಯ ಪರವಾಗಿ ಹಾಡು ಮಾಡಿದರು, ಟಿ. ಎಂ. ಕೃಷ್ಣ ಅದನ್ನು ರಾಗ ಬದಲಿಸುತ್ತ ಶಾಸ್ತ್ರೀಯವಾಗಿ ಹಾಡಿದರು. ನಮ್ಮಲ್ಲಿ ಗೈರಾಣಕ್ಕೆ ಅಂಥ ಭಾಗ್ಯ ಬಂದಿಲ್ಲ. ಆ ಪದವನ್ನಾದರೂ ನೋಡಿ: ಮರಾಠಿಯ ಗಾಯ್ ಮತ್ತು ರಾನ್, ಹಸುವಿನ ಕಾಡು. ಅಪ್ಪ ಅಡವಿಯಲ್ಲ ಎಂದು ಹೇಳಲು ಬಳಸಿದ ಪದದ ಹೊಟ್ಟೆಯಲ್ಲೇ ಅಡವಿ ಕೂತಿತ್ತು.

ಪದದ ಜಗಳ ಅಂದರೆ ಪಂಡಿತರ ಕಾಲಹರಣ ಎನ್ನುವವರಿಗೆ ಒಂದು ಮಾತು. 1996ರ ಡಿಸೆಂಬರ್ 12ರಂದು ಗೋದವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೇ ಇದು: ಅರಣ್ಯ ಎಂಬ ಪದವನ್ನು ನಿಘಂಟಿನ ಅರ್ಥದಲ್ಲಿ ತಿಳಿಯಬೇಕು, ಭೂಮಿ ಯಾರದಾದರೂ ಸರಿ. ಈ ದೇಶದ ಕಾಡಿನ ಹಣೆಬರಹ ಮೂವತ್ತು ವರ್ಷದಿಂದ ನಿಘಂಟಿನ ಮೇಲೆ ನಿಂತಿದೆ. ಸಾಹಿತ್ಯದವರಿಗೆ ಇಷ್ಟು ದೊಡ್ಡ ಜವಾಬ್ದಾರಿಯನ್ನು ಬೇರೆ ಯಾವ ನ್ಯಾಯಾಲಯವೂ ಒಪ್ಪಿಸಿಲ್ಲ. ನಮಗದು ಗೊತ್ತೇ ಇಲ್ಲ.

ನಿಘಂಟಿನ ಅರ್ಥ ನಿಘಂಟಿನಲ್ಲಿ ಹುಟ್ಟುವುದಿಲ್ಲ, ಓದಿನಲ್ಲಿ ಹುಟ್ಟುತ್ತದೆ. ಕಾಡು ಎಂದ ಕೂಡಲೇ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ? ನನಗೆ ಬರುವುದು ಮಳೆ, ಜಿಗಣೆ, ಏಲಕ್ಕಿ ತೋಟ, ಜೀರುಂಡೆ. ನಾನು ಜಿಗಣೆಯನ್ನು ಮೊದಲು ಕಂಡದ್ದು ಮೂವತ್ತು ದಾಟಿದ ಮೇಲೆ, ಆಗುಂಬೆಯ ಪ್ರವಾಸದಲ್ಲಿ. ಆದರೆ ಸೇಡಂನ ಸುಡು ಬಿಸಿಲಲ್ಲಿ, ಸುಣ್ಣದ ಕಲ್ಲಿನ ಮನೆಯ ತಂಪಿನಲ್ಲಿ ಕೂತು 'ಮಲೆಗಳಲ್ಲಿ ಮದುಮಗಳು' ಓದಿದ ಹುಡುಗನಿಗೆ ಅದರ ಕಚಗುಳಿ ಕಾಲಿಗೇ ಆಗಿತ್ತು. ಕುವೆಂಪು, ಕಾರಂತ, ತೇಜಸ್ವಿ, ಬಿ.ಜಿ.ಎಲ್. ಸ್ವಾಮಿ: ಕನ್ನಡದ ನಿಸರ್ಗ ಬರವಣಿಗೆಯ ಹಾದಿ ಬಹುಪಾಲು ಘಟ್ಟದಲ್ಲೇ ಹತ್ತಿ ಇಳಿಯುತ್ತದೆ. ಇದು ಅವರ ತಪ್ಪಲ್ಲ, ಅವರವರ ಹಿತ್ತಲನ್ನು ಅವರು ಬರೆದರು. ತಪ್ಪು ನಮ್ಮದು. ಒಂದು ಸೀಮೆಯ ಕಾಡನ್ನು ಕಾಡಿನ ಅರ್ಥವನ್ನಾಗಿ ಮಾಡಿಕೊಂಡೆವು. ಶಾಲೆಯ ಪಾಠದಿಂದ ಹಿಡಿದು ಸಿನಿಮಾದವರೆಗೆ ಹಸಿರು ಎಂದರೆ ಮಲೆನಾಡು, ಬಯಲುಸೀಮೆ ಎಂದರೆ ಬರ.

ನಮ್ಮ ಕಡೆಯ ಲೇಖಕರಾದರೂ ಬೇರೆ ಕಣ್ಣು ಕೊಟ್ಟರೇ? ಗೀತಾ ನಾಗಭೂಷಣರ 'ಬದುಕು' ನನ್ನ ಮೆಚ್ಚಿನ ಕಾದಂಬರಿ. 2004ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಕಲಬುರ್ಗಿಯೇ ಸಂಭ್ರಮಿಸಿತ್ತು. ಆದರೆ ಅಲ್ಲಿ ನೆಲ ಎಂದರೆ ದುಡಿಮೆ, ಹಸಿವು, ಒಡೆಯ. ಹಕ್ಕಿ ನೋಡುತ್ತ ನಿಲ್ಲುವಷ್ಟು ಬಿಡುವು ಅಲ್ಲಿನ ಹೆಂಗಸರಿಗೆ ಇರಲಿಲ್ಲ, ಆ ಬಿಡುವನ್ನು ಅವರಿಂದ ನಿರೀಕ್ಷಿಸುವುದು ಕ್ರೌರ್ಯ. ನಮ್ಮ ಭಾಗದ ಬರವಣಿಗೆಗೆ ಹೇಳಲು ಇನ್ನೂ ತುರ್ತಾದದ್ದು ಇತ್ತು. ಫಲಿತಾಂಶ ಮಾತ್ರ ಇದು: ನಮ್ಮ ನೆಲದ ಬುರ್ಲಿಗೆ, ಉಡಕ್ಕೆ, ತಂಗಡಿ ಹೂವಿಗೆ, ಮುತ್ತುಗಕ್ಕೆ ನಮ್ಮ ಗದ್ಯದಲ್ಲಿ ಜಾಗ ಕಿರಿದಾಯಿತು.

ವಿಚಿತ್ರವೆಂದರೆ ಕನ್ನಡ ಅತ್ಯಂತ ಎತ್ತರಕ್ಕೆ ಏರಿಸಿದ ಪದ 'ಬಯಲು'. ಅಲ್ಲಮ ಮತ್ತು ಆತನ ಸಂಗಡಿಗರು ಸೇರಿದ್ದ ಕಲ್ಯಾಣದ ಸುತ್ತ ಇರುವುದು ದಟ್ಟ ಕಾಡಲ್ಲ, ಕೆಂಪು ಜಂಬಿಟ್ಟಿಗೆ, ಕರಿ ನೆಲ, ತೆರೆದ ಆಕಾಶ. ಪರಮಾರ್ಥಕ್ಕೆ ಬಯಲು ಎಂದು ಹೆಸರಿಟ್ಟ ಭಾಷೆಯೇ ಕಣ್ಣೆದುರಿನ ಬಯಲನ್ನು ಬೀಳು, ಪಾಳು, ಬಂಜರು ಎಂದಿತು. ಬೀಳು ಎಂದರೆ ಬಿದ್ದುಕೊಂಡದ್ದು. ಏನೂ ಮಾಡದೆ ಬಿದ್ದಿರುವುದು ಅದರ ಅಪರಾಧ. ಗಚ್ಚಿಬೌಲಿಯ ನೆಲದ ಮೇಲಿದ್ದ ಆರೋಪವೂ ಅದೇ ಅಲ್ಲವೆ, ಎರಡು ದಶಕ ಸುಮ್ಮನೆ ಬಿದ್ದಿತ್ತು ಎಂಬುದು? 2004ರ ಸುಮಾರಿಗೆ ಅದನ್ನು ಒಂದು ಕ್ರೀಡಾ ಕಂಪನಿಗೆ ಕೊಟ್ಟಿದ್ದರು, 2006ರಲ್ಲಿ ರದ್ದು ಮಾಡಿದರು, ಮೊಕದ್ದಮೆ 2024ರವರೆಗೆ ನಡೆಯಿತು. ಮನುಷ್ಯರು ಕೋರ್ಟಿನಲ್ಲಿದ್ದಾಗ ಮುಳ್ಳು, ಸೀತಾಫಲ, ಜಿಂಕೆ ತಮ್ಮ ಕೆಲಸ ಮುಂದುವರಿಸಿದವು. ಚುಕ್ಕೆ ಜಿಂಕೆ ತೆಲಂಗಾಣದ ರಾಜ್ಯ ಪ್ರಾಣಿ. ರಾಜ್ಯ ಪಕ್ಷಿ ಪಾಲಪಿಟ್ಟ, ನಮ್ಮ ನೀಲಕಂಠ, ಅದು ಕರ್ನಾಟಕಕ್ಕೂ ರಾಜ್ಯ ಪಕ್ಷಿ. ಲಾಂಛನದಂತೆ ಗೌರವಿಸುವುದನ್ನು ಅದರ ಮನೆಯಲ್ಲೇ ಗುರುತಿಸಲಾಗದಿರುವುದು ಎರಡೂ ರಾಜ್ಯಗಳಿಗೆ ಬಂದ ಬುದ್ಧಿ.

ಹಾಗೆಂದು ಮಲೆನಾಡಿನ ಪುಸ್ತಕಗಳನ್ನು ಪಕ್ಕಕ್ಕಿಡಬೇಕು ಎಂದಲ್ಲ. ಏಪ್ರಿಲ್ ತಿಂಗಳಲ್ಲಿ ನಾನು 'ಕರ್ವಾಲೊ'ವನ್ನು ಮತ್ತೆ ಓದಿದೆ. 1980ರ ಪುಸ್ತಕ. ಇಷ್ಟು ವರ್ಷ ಅದನ್ನು ಮೂಡಿಗೆರೆಯ ಕಾಡಿನ ಕತೆ ಎಂದೇ ಓದಿದ್ದೆ. ಈ ಸಲ ಬೇರೆಯೇ ಕಂಡಿತು. ಅದರಲ್ಲಿ ಎಲ್ಲರೂ ಹುಡುಕಿಕೊಂಡು ಹೋಗುವುದು ಹುಲಿಯನ್ನಲ್ಲ, ಆನೆಯನ್ನಲ್ಲ, ಒಂದು ಓತಿಯನ್ನು. ಅದನ್ನು ನೋಡುವ ಕಣ್ಣಿರುವುದು ವಿಜ್ಞಾನಿಗಿಂತ ಮೊದಲು ಊರವರು ಉಡಾಳ ಎಂದುಕೊಂಡಿದ್ದ ಮಂದಣ್ಣನಿಗೆ. ಕೊನೆಗೂ ಓತಿ ಕೈಗೆ ಸಿಗದೆ ಕಣಿವೆಗೆ ತೇಲಿಹೋಗುತ್ತದೆ, ಯಾರಿಗೂ ಅದರಿಂದ ಒಂದು ಪೈಸೆ ಲಾಭವಿಲ್ಲ. ಸಣ್ಣದನ್ನು ಹುಡುಕು, ಅಲ್ಲೇ ಇರುವವನನ್ನು ಕೇಳು, ಸಿಗದಿದ್ದರೂ ಹೋಗು: ಇದು ಮಲೆನಾಡಿಗೆ ಕಟ್ಟಿಬಿದ್ದ ವಿಧಾನವಲ್ಲ. ಗಚ್ಚಿಬೌಲಿಯ ಬಂಡೆಗಳ ನಡುವೆ ನಕ್ಷತ್ರ ಆಮೆ ಎಣಿಸುತ್ತಿದ್ದ ಹುಡುಗ ಹುಡುಗಿಯರು ತೇಜಸ್ವಿಯ ಹೆಸರು ಕೇಳಿರಲಿಕ್ಕಿಲ್ಲ, ಆದರೂ ಅವರು ಆ ಪುಸ್ತಕದ ಒಳಗಿನವರು.

ಈ ಹೋರಾಟ ಹುಟ್ಟುಹಾಕಿದ ಪಠ್ಯಗಳ ಕಡೆ ಬರೋಣ. ಮೂರು ಬಗೆಯವು ನನ್ನ ಗಮನಕ್ಕೆ ಬಂದವು. ಮೊದಲನೆಯದು ನವಿಲಿನ ಕೂಗಿನ ಆ ವಿಡಿಯೊ. ಅದರ ಬಗ್ಗೆ ಹೆಚ್ಚು ಹೇಳುವುದು ಬೇಡ, ಅದು ಕೆಲಸ ಮಾಡಿತು. ಎರಡನೆಯದು ಕೃತಕ ಬುದ್ಧಿಮತ್ತೆಯಿಂದ ಮಾಡಿದ, ಜಪಾನಿನ ಘಿಬ್ಲಿ ಕಾರ್ಟೂನಿನ ಶೈಲಿಯ ಚಿತ್ರ: ವಿಶ್ವವಿದ್ಯಾಲಯದ ಅಣಬೆ ಬಂಡೆ, ಅದರ ಮುಂದೆ ಜೆಸಿಬಿಗಳು, ನವಿಲು, ಜಿಂಕೆ. ಲಕ್ಷಾಂತರ ಜನ ಹಂಚಿದರು. ನನಗೆ ಅದು ಆಗಲೂ ಹಿಡಿಸಲಿಲ್ಲ. ನಿಜವಾದ ನವಿಲು ನಿಜವಾಗಿ ಕೂಗುತ್ತಿದ್ದಾಗ ಸುಳ್ಳು ನವಿಲು ಯಾಕೆ ಬೇಕಿತ್ತು? ಕಾಡು ಚೆಂದವಾಗಿ ಕಂಡರೆ ಮಾತ್ರ ಕರುಳು ಕರಗುತ್ತದೆ ಎಂಬ ಅಪನಂಬಿಕೆ ಅದರೊಳಗಿತ್ತು. ಕುರುಚಲು ನೆಲವನ್ನು ಅದು ಇರುವ ಹಾಗೆ, ಏಪ್ರಿಲ್ ಬಿಸಿಲಲ್ಲಿ ಕಂದಾಗಿ, ಮುಳ್ಳಾಗಿ ತೋರಿಸಿ ಪ್ರೀತಿಸಿ ಎಂದು ಕೇಳುವ ಧೈರ್ಯ ಅದಕ್ಕಿರಲಿಲ್ಲ. ಪೆಟ್ಟೂ ಅಲ್ಲೇ ಬಿತ್ತು. ಸರ್ಕಾರ ಆ ಚಿತ್ರಗಳನ್ನೇ ಹಿಡಿದುಕೊಂಡು ಇಡೀ ಹೋರಾಟವೇ ನಕಲಿ ಎಂದಿತು, ಹಂಚಿದವರಿಗೆ ನೋಟಿಸು ಹೋಯಿತು. 'ಹೈದರಾಬಾದಿನ ಶ್ವಾಸಕೋಶ' ಎಂಬ ಘೋಷಣೆಯ ಮೇಲೂ ನನಗೆ ತಕರಾರಿದೆ. ನಮಗೆ ಉಸಿರು ಕೊಡುತ್ತದೆ, ಆದ್ದರಿಂದ ಉಳಿಯಲಿ ಎಂದಂತಾಯಿತು. ಆಮೆಗೆ ಅದು ಶ್ವಾಸಕೋಶವಲ್ಲ, ಮನೆ.

ಮೂರನೆಯ ಪಠ್ಯವೇ ನನ್ನ ಪ್ರಕಾರ ಇಡೀ ಪ್ರಸಂಗದ ಒಳ್ಳೆಯ ಸಾಹಿತ್ಯ, ಅದನ್ನು ಬರೆದವರಿಗೆ ತಾವು ಸಾಹಿತ್ಯ ಬರೆಯುತ್ತಿದ್ದೇವೆ ಎಂಬ ಭಾವನೆಯೇ ಇರಲಿಲ್ಲ. ಅದು ಪಟ್ಟಿ. ಈ ಕ್ಯಾಂಪಸ್ಸಿನಲ್ಲಿ ವರ್ಷಗಳಿಂದ ವಿದ್ಯಾರ್ಥಿಗಳೂ ಊರಿನ ಹಕ್ಕಿ ವೀಕ್ಷಕರೂ ಬೆಳಿಗ್ಗೆ ಎದ್ದು ನಡೆದು ಬರೆದಿಟ್ಟದ್ದು: ಇನ್ನೂರಕ್ಕೂ ಹೆಚ್ಚು ಜಾತಿಯ ಹಕ್ಕಿಗಳು, ಹಾವುಗಳು, ಚಿಟ್ಟೆಗಳು, 2010ರಲ್ಲಿ ವಿಜ್ಞಾನಕ್ಕೆ ಪರಿಚಯವಾಗಿ ಹೈದರಾಬಾದಿನ ಹೆಸರನ್ನೇ ಹೊತ್ತ ಒಂದು ಜೇಡ. ಯಾರೂ ಓದದ ಪಟ್ಟಿ. ಒಬ್ಬ ಬರುತ್ತಾನೆ, ಎರಡು ವರ್ಷ ಬರೆಯುತ್ತಾನೆ, ಡಿಗ್ರಿ ಮುಗಿಸಿ ಹೋಗುತ್ತಾನೆ. ಮುಂದಿನವಳು ಅಲ್ಲಿಂದ ಎತ್ತಿಕೊಳ್ಳುತ್ತಾಳೆ. ಸಮುದಾಯ ಎಂದರೆ ತಲೆಮಾರುಗಳಿಂದ ಒಂದೇ ಊರಲ್ಲಿ ಬೇರೂರಿದವರು ಎಂದುಕೊಂಡಿದ್ದೆ. ಬಂದು ಹೋಗುವವರೂ ಒಂದು ನೆಲವನ್ನು ಕಾಯಬಹುದು ಎಂದು ತೋರಿಸಿದ್ದು ಈ ಪಟ್ಟಿ. ನಮ್ಮಂಥ ವಲಸಿಗರಿಗೆ ಇದು ಸಣ್ಣ ವಿಷಯವಲ್ಲ.

ಏಪ್ರಿಲ್ 3ರಂದು ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡು, ಹೈಕೋರ್ಟಿನ ರಿಜಿಸ್ಟ್ರಾರರನ್ನು ಸ್ಥಳಕ್ಕೆ ಕಳಿಸಿ, ಕೆಲಸ ನಿಲ್ಲಿಸಿತು. ಸುಮಾರು 100 ಎಕರೆ ಆಗಲೇ ಬೋಳಾಗಿತ್ತು. ರಿಜಿಸ್ಟ್ರಾರರ ವರದಿಯಲ್ಲಿ ನವಿಲು, ಜಿಂಕೆ ಕಂಡವು ಎಂದಿತ್ತು. ಪಟ್ಟಿ ಬರೆಯುವವರ ಸಾಲಿಗೆ ನ್ಯಾಯಾಲಯದ ಒಬ್ಬ ಅಧಿಕಾರಿಯೂ ಸೇರಿದಂತಾಯಿತು. ಏಪ್ರಿಲ್ 16ರ ವಿಚಾರಣೆಯಲ್ಲಿ ಆ ನೂರು ಎಕರೆಯನ್ನು ಮೊದಲಿನಂತೆ ಮಾಡುವುದು ಹೇಗೆಂದು ಯೋಜನೆ ತನ್ನಿ ಎಂದಿತು ನ್ಯಾಯಾಲಯ. ಮೊದಲಿನಂತೆ ಎಂಬ ಪದ ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಸಸಿ ನೆಡಬಹುದು. ಮಗುಚಿದ ಬಂಡೆಯನ್ನು?

ಬಂಡೆಯ ಮಾತು ಬಂದಾಗ ನನ್ನ ಮಾತೂ ಬರಬೇಕು. ಹೈದರಾಬಾದಿನ ಗ್ರಾನೈಟ್ ಬಂಡೆಗಳ ವಯಸ್ಸು ಸುಮಾರು 250 ಕೋಟಿ ವರ್ಷ. ಯಾದಗಿರಿ, ಶಹಾಪುರ, ರಾಯಚೂರಿನ ಕಡೆಯವರಿಗೆ ಈ ಗುಂಡುಗಳು ಊರಿನ ನೆಂಟರಂತೆ ಕಾಣುತ್ತವೆ. ಶಹಾಪುರದ ಗುಡ್ಡದಲ್ಲಿ ನಾವು ಮಲಗಿದ ಬುದ್ಧನನ್ನು ಕಂಡವರು. ಇಲ್ಲಿ 1996ರಲ್ಲಿ ಕೆಲವರು ಸೇರಿ 'ಸೊಸೈಟಿ ಟು ಸೇವ್ ರಾಕ್ಸ್' ಕಟ್ಟಿದರು. ಜರ್ಮನಿಯಿಂದ ಬಂದು ಇಲ್ಲಿಯವರೇ ಆದ ಫ್ರೌಕೆ ಖಾದರ್, ಬಂಡೆಯೊಂದನ್ನು ಒಡೆಯದೆ ಅದರ ಸುತ್ತಲೇ ಮನೆ ಕಟ್ಟಿಕೊಂಡಿದ್ದ ನರೇಂದ್ರ ಲೂಥರ್ ಮೊದಲಾದವರು. ನಗರದ ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಒಂಬತ್ತು ಬಂಡೆ ತಾಣಗಳನ್ನೂ ಸೇರಿಸುವಂತೆ ಮಾಡಿದ್ದು ಅವರ ಸಾಧನೆ. ಚಾರ್‌ಮಿನಾರಿಗೆ ಇರುವ ಕಾನೂನಿನ ನೆರಳು ಒಂದು ಗುಂಡಿಗೂ ಸಿಗಬೇಕು ಎಂದು ವಾದಿಸಿ ಗೆದ್ದ ಬೇರೆ ಊರು ನಮ್ಮಲ್ಲಿ ನನಗೆ ಗೊತ್ತಿರುವಂತೆ ಇಲ್ಲ. ಆದರೆ ಆ ಪಟ್ಟಿಯ ಹೆಸರುಗಳನ್ನು ಓದಿದಾಗ ಒಂದು ಕೊರತೆ ಕಾಣುತ್ತದೆ: ಮಶ್ರೂಮ್ ರಾಕ್, ಟೋಡ್‌ಸ್ಟೂಲ್, ಬೇರ್ಸ್ ನೋಸ್, ಮಾನ್‌ಸ್ಟರ್ ರಾಕ್. ಅವುಗಳ ನೆರಳಲ್ಲಿ ಮೇಕೆ ಕಾಯುತ್ತಿದ್ದವರು ಏನೆಂದು ಕರೆಯುತ್ತಿದ್ದರು? ಆ ಬಂಡೆಗಳನ್ನು ಯಾರಿಗಿಂತಲೂ ಚೆನ್ನಾಗಿ ಬಲ್ಲ ವಡ್ಡರ ಮಾತಿನಲ್ಲಿ ಅವಕ್ಕೆ ಏನು ಹೆಸರು? ಉಳಿಸುವವರ ಭಾಷೆ ಒಂದು, ಒಡೆಯುವವರ ಭಾಷೆ ಇನ್ನೊಂದು ಆದ ಕಡೆ ಉಳಿಸುವಿಕೆ ಒಂದು ವರ್ಗದ ಹವ್ಯಾಸವಾಗಿ ಕಾಣುವ ಅಪಾಯವಿದೆ. ಮೌಲಾಲಿ ಗುಡ್ಡವನ್ನು ನೋಡಿ. ಅದನ್ನು ಉಳಿಸಿದ್ದು ಸಂಘವಲ್ಲ, ಹರಕೆ.

ನಾನು ಇದನ್ನು ಬರೆಯುತ್ತಿರುವ ಫ್ಲಾಟಿನ ಕೆಳಗೂ ಗುಂಡುಗಳಿದ್ದವು. ಬುಕ್ ಮಾಡಲು ಬಂದ ದಿನ ಅವುಗಳಿಗೆ ತೂತು ಕೊರೆಯುತ್ತಿದ್ದರು. ಮಗಳು ಹತ್ತಿ ಆಡಬೇಕು ಎಂದಳು, ಇಳಿಸಿಕೊಂಡು ಬಂದೆ. ಸಿಡಿಸಿದ ದಿನ ನಾನು ಆಫೀಸಿನಲ್ಲಿದ್ದೆ. ಗೃಹಪ್ರವೇಶವಾದ ವರ್ಷ ಪಾರ್ಕಿಂಗ್‌ನಲ್ಲಿ ನಾಗರಹಾವು ಬಂತೆಂದು ಗದ್ದಲವಾಯಿತು. 1995ರಿಂದ ಈ ನಗರದಲ್ಲಿ ಹಾವು ಹಿಡಿದು ಕಾಡಿಗೆ ಬಿಡುತ್ತಿರುವ 'ಫ್ರೆಂಡ್ಸ್ ಆಫ್ ಸ್ನೇಕ್ಸ್ ಸೊಸೈಟಿ'ಗೆ ಫೋನ್ ಹೋಯಿತು. ಬಂದ ಸ್ವಯಂಸೇವಕನಿಗೆ ಇಪ್ಪತ್ತೆರಡು ಇಪ್ಪತ್ತಮೂರು ವಯಸ್ಸು. "ಹಾವು ನಮ್ಮ ಮನೆಗೆ ಬಂದಿದೆ" ಎಂದು ನಮ್ಮ ಅಸೋಸಿಯೇಷನ್ನಿನವರು ತೆಲುಗಿನಲ್ಲಿ ಹೇಳುತ್ತಿದ್ದರು. ಅವನು ಏನೂ ಅನ್ನದೆ ಚೀಲದ ಬಾಯಿ ಕಟ್ಟಿದ. ಆ ವಾಕ್ಯದ ಕರ್ತೃ, ಕರ್ಮ ಅದಲುಬದಲಾಗಿದೆ ಎಂದು ಅವನಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು.

ಸಮುದಾಯವೇ ಕಾಯ್ದ ವನ್ಯಜೀವಿಗಳ ಮಾತೆತ್ತಿದರೆ ಕನ್ನಡದಲ್ಲಿ ಮೊದಲು ಬರುವ ಹೆಸರು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ 1976ರಲ್ಲಿ ಅದನ್ನು ಹೊರಲೋಕಕ್ಕೆ ತೋರಿಸಿದರು. 1994ರ ಹೊತ್ತಿಗೆ ಮೈಸೂರಿನ ನಿಸರ್ಗಾಸಕ್ತರ ಜೊತೆಗೂಡಿ ಊರಿನ ಯುವಕರು 'ಹೆಜ್ಜಾರ್ಲೆ ಬಳಗ' ಕಟ್ಟಿದರು, 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು. ಈ ಊರಿನ ಬಗ್ಗೆ ಕನ್ನಡದಲ್ಲಿ ಬಂದ ಲೇಖನಗಳನ್ನು ಸಾಕಷ್ಟು ಓದಿದ್ದೇನೆ. ಬಹುತೇಕ ಎಲ್ಲದರಲ್ಲೂ ಒಂದೇ ಚಿತ್ರ: ಹೆಜ್ಜಾರ್ಲೆಗಳು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು, ಊರು ಅವರ ತಾಯಿ. ಮಾತು ಸುಳ್ಳಲ್ಲ, ಊರವರೇ ಹೇಳುವುದು. ಆದರೆ ಲೇಖಕರು ಅಲ್ಲಿಗೇ ನಿಲ್ಲಿಸುತ್ತಾರೆ. ಹಕ್ಕಿಗಳು ಗೂಡು ಕಟ್ಟುವುದು ಮನೆ ಹಿತ್ತಲಿನ ಹುಣಸೆ ಮರದ ಮೇಲೆ. ಹುಣಸೆ ಹಣ್ಣು ದುಡ್ಡು. ಗೂಡಿದ್ದ ಮರದ ಫಸಲು ಹೋದಂತೆಯೇ. ಮೇಲಿಂದ ಹಿಕ್ಕೆ, ಮೀನಿನ ನಾತ, ಕೆಳಗೆ ಬಟ್ಟೆ ಒಣಹಾಕುವಂತಿಲ್ಲ. ಹಿಕ್ಕೆ ಬಿದ್ದ ಮಣ್ಣು ಹೊಲಕ್ಕೆ ಒಳ್ಳೆಯ ಗೊಬ್ಬರ ಎಂಬುದೊಂದು ಲಾಭ. ಅರಣ್ಯ ಇಲಾಖೆ ಮರಕ್ಕಿಷ್ಟು ಎಂದು ಪರಿಹಾರ ಕೊಡುತ್ತ ಬಂದಿದೆ, ಅದು ಸಾಲದು ಎಂಬ ದೂರೂ ಜೊತೆಗೇ ಬಂದಿದೆ. ತವರಿನ ರೂಪಕ ಈ ಲೆಕ್ಕವನ್ನು ಮುಚ್ಚಿಡುತ್ತದೆ. ನಮ್ಮಲ್ಲಿ ತವರಿನಲ್ಲೂ ಬಾಣಂತನದ ಖರ್ಚು ಯಾರದು ಎಂಬ ಮಾತು ಬರುತ್ತದಲ್ಲ, ಅಷ್ಟಾದರೂ ಪ್ರಾಮಾಣಿಕತೆ ನಮ್ಮ ಲೇಖನಗಳಲ್ಲಿ ಇರಬೇಕಿತ್ತು. ಪ್ರೀತಿಗೆ ಬೆಲೆ ತೆತ್ತವರ ಹೆಚ್ಚುಗಾರಿಕೆ ಗೊತ್ತಾಗಬೇಕಾದರೆ ಬೆಲೆ ಎಷ್ಟೆಂದು ಹೇಳಲೇಬೇಕು.

ಬೆಲೆ ಎಂದಾಗ ನನ್ನ ಬಾಯಿ ಒಣಗುವ ಒಂದು ಸಂಗತಿಯಿದೆ. ಹೈದರಾಬಾದಿನಿಂದ ವಿಜಯಪುರಕ್ಕೆ ಹೋಗುವ ಹೆದ್ದಾರಿ 163 ನಮ್ಮೂರಿನ ದಾರಿ. ಅಪ್ಪಾ ಜಂಕ್ಷನ್ನಿನಿಂದ ಚೇವೆಳ್ಳ ದಾಟಿ ಮನ್ನೆಗೂಡದವರೆಗೆ 46 ಕಿಲೋಮೀಟರ್, ಇಕ್ಕೆಲದಲ್ಲಿ ನಿಜಾಮರ ಕಾಲದ ಆಲದ ಮರಗಳು, ಒಂಬೈನೂರಕ್ಕೂ ಹೆಚ್ಚು. ಸೇಡಂನಿಂದ ಮೊದಲ ಸಲ ಈ ಊರಿಗೆ ಕೆಲಸ ಹುಡುಕಿ ಬಂದದ್ದು ಆ ಬಿಳಲುಗಳ ಸುರಂಗದಲ್ಲೇ. ರಸ್ತೆ ಅಗಲಗೊಳಿಸಲು ಅವನ್ನು ಕಡಿಯುತ್ತಾರೆಂದಾಗ ಹೈದರಾಬಾದಿನ ಕೆಲವರು ಸೇರಿ ಒಂದೊಂದು ಮರವನ್ನೂ ಎಣಿಸಿ, ಅದರ ಜಾಗ ಗುರುತಿಸಿ, ಹಸಿರು ನ್ಯಾಯಮಂಡಳಿಗೆ ಹೋದರು. ರಸ್ತೆ ಬೇಡ ಎನ್ನಲಿಲ್ಲ ಅವರು, ಮರ ಬಿಟ್ಟು ಮಾಡಿ ಎಂದರು. ನಾನು ಸಹಿ ಹಾಕಿದವರಲ್ಲಿ ಒಬ್ಬ. ವರ್ಷಗಳು ಹೋದವು. ತಡೆ ತೆರವಾಗಿ ಕೆಲವೇ ದಿನವಾಗಿತ್ತು. 2025ರ ನವೆಂಬರ್ 3ರ ಬೆಳಿಗ್ಗೆ ತಾಂಡೂರಿನಿಂದ ಬರುತ್ತಿದ್ದ ಬಸ್ಸಿಗೆ ಚೇವೆಳ್ಳದ ಬಳಿ ಮೀರ್ಜಾಗೂಡದಲ್ಲಿ ಜಲ್ಲಿ ತುಂಬಿದ ಟಿಪ್ಪರ್ ಗುದ್ದಿತು. ಜಲ್ಲಿ ಬಸ್ಸಿನೊಳಗೇ ಸುರಿಯಿತು. ಹತ್ತೊಂಬತ್ತು ಜನ ಸತ್ತರು. ಅಂದೇ ಸಂಜೆಗೆ ಮರ ಉಳಿಸಲು ಹೊರಟವರೇ ಕೊಲೆಗಾರರು ಎಂಬ ಮಾತು ಹರಡಿತು.

ತಾಂಡೂರು ನಮಗೆ ನೆರೆಯ ಊರು. ಆ ಬಸ್ಸಿನಲ್ಲಿ ನಾನು ಎಷ್ಟೋ ಸಲ ಕೂತು ಬಂದಿದ್ದೇನೆ. ಟಿಪ್ಪರಿನ ವೇಗ, ಅತಿಭಾರ, ತಿರುವು, ಹೊಂಡ, ಇವನ್ನೆಲ್ಲ ಬಿಟ್ಟು ಮರದ ಮೇಲೆ ಕೈ ತೋರಿಸುವುದು ಸುಲಭದ ನ್ಯಾಯ ಎಂದು ವಾದಿಸಬಲ್ಲೆ. ವಾದಿಸಿದ್ದೇನೆ ಕೂಡ. ಜಲ್ಲಿ ಎಂದರೆ ಒಡೆದ ಬಂಡೆಯೇ, ನಮ್ಮ ಕಟ್ಟಡಗಳಿಗೇ ಹೋಗುವಂಥದು ಎಂದೂ ಹೇಳಬಲ್ಲೆ. ಆದರೂ ಆ ರಸ್ತೆ ಇಕ್ಕಟ್ಟಾಗಿದ್ದದ್ದು ನಿಜ. ತಡವಾದದ್ದು ನಿಜ. ಆ ತಡದಲ್ಲಿ ನನ್ನದೊಂದು ಸಹಿ ಇದ್ದದ್ದೂ ನಿಜ. ನಿಸರ್ಗದ ಬಗ್ಗೆ ಬರೆಯುವ ನಾವು ಕೊಕ್ಕರೆ ಬೆಳ್ಳೂರಿನ ಹುಣಸೆಯ ಲೆಕ್ಕ ಬಿಟ್ಟ ಹಾಗೆ ಇದನ್ನೂ ಬಿಟ್ಟರೆ, ನಮ್ಮ ಬರವಣಿಗೆಯನ್ನು ತಾಂಡೂರಿನ ಯಾವ ಮನೆಯವರೂ ನಂಬಬೇಕಾಗಿಲ್ಲ. ಇವತ್ತು ಮತ್ತೆ ಕೇಳಿದರೆ ಸಹಿ ಹಾಕುತ್ತೇನೆಯೇ? ಹಾಕುತ್ತೇನೆ. ಆದರೆ ಅಂದಿನ ಹಾಗೆ ಚಹಾ ಕುಡಿಯುತ್ತ ಅಲ್ಲ.

ಡಿಸೆಂಬರಿನಲ್ಲಿ ಊರಿಗೆ ಹೋದಾಗ ಅಪ್ಪನನ್ನು ಗೈರಾಣಕ್ಕೆ ಕರೆದುಕೊಂಡು ಹೋದೆ. ಅರ್ಧ ಉಳಿದಿದೆ. ಉಳಿದರ್ಧಕ್ಕೆ ತಂತಿ ಬೇಲಿ ಬಿದ್ದಿದೆ, ಒಳಗೇನು ಬರುತ್ತದೋ ಊರಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಾನು ನೋಟ್‌ಬುಕ್ ತೆಗೆದೆ. ಅಪ್ಪ ಮೊದಲು ನಾಚಿದರು, ಆಮೇಲೆ ಬಗ್ಗಿ ಒಂದೊಂದನ್ನೇ ಕಿತ್ತು ಕೈಗೆ ಕೊಡುತ್ತ ಹೋದರು. ಇದು ಕರ್ಕಿ. ಇದು ಹಂಚಿ, ಕಸಬರಿಗೆ ಮಾಡ್ತಿದ್ರು. ಇದು ಕರಡ, ದನ ತಿನ್ನಲ್ಲ, ಮನಿ ಮ್ಯಾಲ ಹೊದಸ್ತಿದ್ರು. ಅಲ್ಲಿ ಆ ಪೊದಿಯಾಗ ಬುರ್ಲಿ ತತ್ತಿ ಇಡ್ತಿದ್ವು, ನಿಮ್ಮ ದೊಡ್ಡಪ್ಪ ಹಿಡದು ತರಾಂವ. ಹದಿನಾಲ್ಕು ಹೆಸರು ಬರೆದುಕೊಂಡೆ. ಹದಿನೈದನೆಯದನ್ನು, ನೇರಳೆ ಬಣ್ಣದ ಸಣ್ಣ ತೆನೆಯ ಒಂದು ಹುಲ್ಲನ್ನು, ಬೆರಳ ನಡುವೆ ತಿರುಗಿಸುತ್ತ ಬಹಳ ಹೊತ್ತು ನಿಂತರು. "ತಡಿ, ನಿಮ್ಮಜ್ಜಿ ಹೇಳ್ತಿದ್ಳು ಇದರ ಹೆಸರ" ಎಂದರು. ಬಸ್ಸಿನ ಹೊತ್ತಾಗಿತ್ತು. ಹೆಸರಿನ ಜಾಗ ಖಾಲಿ ಬಿಟ್ಟು ಹುಲ್ಲನ್ನು ನೋಟ್‌ಬುಕ್ಕಿನೊಳಗೆ ಇಟ್ಟುಕೊಂಡು ಬಂದೆ. ವಾರಕ್ಕೊಮ್ಮೆ ಫೋನ್ ಮಾಡಿದಾಗ ಕೇಳುತ್ತೇನೆ. ಇನ್ನೂ ನೆನಪಾಗಿಲ್ಲವಂತೆ.